ಏಳುನೂರು ಮೀಟರ್ ದೂರದ ಮಾವ

ಜಗಳ ಹುಟ್ಟಿದ್ದು ಎಂಟು ವರ್ಷದ ಹಿಂದೆ ತೀರಿಹೋದ ಮನುಷ್ಯನ ಕಿವಿಯ ದೆಸೆಯಿಂದ.

ಕನ್ನಡಕದ ಅಂಗಡಿಯವನ ಹೆಂಡತಿ ಒಂದು ಭಾನುವಾರ ತವರಿನಲ್ಲಿ ಗಂಡನ ಜೊತೆ ಕೂತು ಚಹಾ ಕುಡಿಯುತ್ತಿದ್ದಾಗ, ಮಾತಿಗೆ ಮಾತು ಬಂದು, "ಅಪ್ಪನ ಬಲಗಿವಿ ಕೆಳಗೆ ಒಂದು ಮಚ್ಚೆ ಇತ್ತಲ್ಲಮ್ಮಾ, ನಿನ್ನೆ ನೋಡಿದ ಒಬ್ಬರಿಗೆ ಥೇಟ್ ಹಾಗೇ ಇತ್ತು" ಎಂದಳು.

ತಾಯಿ ಲೋಟ ಕೆಳಗಿಟ್ಟರು. "ಎಡಗಿವಿ."

"ಬಲಗಿವಿ ಅಮ್ಮಾ."

"ನಲವತ್ತೊಂದು ವರ್ಷ ಅವರ ಜೊತೆ ಬಾಳಿದ್ದು ನಾನಾ, ನೀನಾ?"

"ಅವರ ಹೆಗಲ ಮೇಲೆ ಕೂತು ತಿರುಗಿದ್ದು ನಾನು. ಬೀಳಬಾರದು ಅಂತ ಆ ಕಿವೀನೇ ಹಿಡ್ಕೊಂಡಿರ್ತಿದ್ದೆ."

ಹೆಂಡತಿಗೆ ಕೆಲಸ ಅಚ್ಚುಮನೆಯಲ್ಲಿ, ಪ್ರೂಫ್ ನೋಡುವುದು. ಒಂದು ಸೊನ್ನೆ ಅತ್ತಿತ್ತ ಆದರೂ ಇಡೀ ಪುಟ ವಾಪಸು ಕಳಿಸುವವಳು. ಅಪ್ಪನ ಮಚ್ಚೆ ಈ ಕಿವಿಯಿಂದ ಆ ಕಿವಿಗೆ ಹೋದರೆ ಬಿಟ್ಟಾಳೆಯೇ? ತಾಯಿಯಾದರೋ ಆ ಹಟವನ್ನು ಮಗಳಿಗೆ ಬಳುವಳಿಯಾಗಿ ಕೊಟ್ಟವರು, ಕೊಟ್ಟ ಮೇಲೂ ತಮ್ಮ ಹತ್ತಿರ ಬೇಕಾದಷ್ಟು ಉಳಿಸಿಕೊಂಡವರು. ಇಬ್ಬರೂ ತಿರುಗಿ ಕನ್ನಡಕದವನ ಮುಖ ನೋಡಿದರು. ಅವನು ಪಾಪ, ಎರಡು ದೋಣಿಯ ಮೇಲೆ ಕಾಲಿಟ್ಟು, "ಎರಡೂ ಕಡೆ ಇತ್ತೇನೋ" ಎಂದ.

ಅಷ್ಟು ಸಾಕಾಯಿತು. ಅತ್ತೆ ಎದ್ದು ನಿಂತು ಬಾಗಿಲ ಕಡೆ ಕೈ ತೋರಿಸಿದರು. "ಎಡಗಿವಿ ಅಂತ ಒಪ್ಪಿಕೊಳ್ಳೋವರೆಗೂ ಇಬ್ಬರೂ ನನ್ನ ಹೊಸ್ತಿಲು ತುಳೀಬೇಡಿ."

ಎರಡು ತಿಂಗಳು ಹಾಗೇ ಕಳೆಯಿತು. ಫೋನ್ ಮಾಡಿದರೆ ಅತ್ತೆ ಎತ್ತುತ್ತಿರಲಿಲ್ಲ. ಸುದ್ದಿಯೆಲ್ಲ ಓಡಾಡುತ್ತಿದ್ದದ್ದು ಬಸ್ ಕಂಡಕ್ಟರನ ಬಾಯಿಂದ. ಎರಡು ಮನೆಗಳ ನಡುವೆ ರೈಲ್ವೆ ಯಾರ್ಡು, ತಗಡಿನ ಗೋದಾಮುಗಳು. ಕಾಗೆ ನೇರ ಹಾರಿದರೆ ಏಳುನೂರು ಮೀಟರ್. ಬಸ್ಸು ಮಾತ್ರ ಸೇತುವೆ ಸುತ್ತಿ ಅರ್ಧ ಗಂಟೆ ತೆಗೆದುಕೊಳ್ಳುತ್ತಿತ್ತು. ಕೊನೆಯ ಸ್ಟಾಪು ಅತ್ತೆಯ ಗೇಟಿನ ಎದುರೇ. ಕಂಡಕ್ಟರ್ ಅಲ್ಲಿ ನೀರು ಕುಡಿದು, ಅವರ ಮಾತನ್ನು ಹೊತ್ತು ತಂದು ಈ ಕಡೆ ಇಳಿಸುತ್ತಿದ್ದ.

ಒಂದು ದಿನ ಅವನು ಅಂಗಡಿಯ ಮುಂದೆ ಬಸ್ ನಿಲ್ಲಿಸಿ ಕೂಗಿದ: "ಯಜಮಾನರ ಫೋಟೋ ಗೋಡೆ ಮೇಲಿದೆಯಂತೆ. ಮಚ್ಚೆ ಅದರಲ್ಲಿ ಕಾಣುತ್ತಂತೆ."

ಮಾವನಿಗೆ ಕ್ಯಾಮೆರಾ ಕಂಡರಾಗದು. ಇಡೀ ಜನ್ಮದಲ್ಲಿ ತೆಗೆಸಿಕೊಂಡದ್ದು ಅದೊಂದೇ ಫೋಟೋ. "ಹಾಗಾದ್ರೆ ಅದನ್ನ ಕೊಟ್ಟು ಕಳಿಸಲಿ" ಎಂದಳು ಹೆಂಡತಿ.

ಮಾರನೆಯ ದಿನ ಉತ್ತರ ಬಂತು: "ಮನೆ ಯಜಮಾನರನ್ನ ಬಸ್ಸಲ್ಲಿ ಟಿಕೆಟ್ ಹರಿಸಿ ಕಳಿಸಲ್ಲವಂತೆ."

"ನೀವೇ ಒಂದ್ಸಲ ನೋಡಿ ಹೇಳಬಾರದಾ?"

"ನನಗೆ ಯಾಕಮ್ಮಾ? ಎಡ ಅಂದ್ರೆ ಈ ಕಡೆ ನೀರು ಸಿಗಲ್ಲ, ಬಲ ಅಂದ್ರೆ ಆ ಕಡೆ ಸಿಗಲ್ಲ" ಎಂದು ಕಂಡಕ್ಟರ್ ಸೀಟಿ ಊದಿಬಿಟ್ಟ.

ಅದೇ ವಾರ ಅಂಗಡಿಗೆ ಒಬ್ಬ ಗಿರಾಕಿ ಬಂದ. ಹಕ್ಕಿಗಳ ಫೋಟೋ ತೆಗೆಯುವ ಹುಚ್ಚು ಹಿಡಿದು, ಈಗ ಬಿಟ್ಟವನು. ಅವನ ಹತ್ತಿರ ಒಂದು ಸೂಪರ್‌ಝೂಮ್ ಕ್ಯಾಮೆರಾ ಇತ್ತು. ಗುಂಡಿ ಒತ್ತಿದರೆ ಲೆನ್ಸು ಆನೆಯ ಸೊಂಡಿಲಿನ ಹಾಗೆ ಮುಂದಕ್ಕೆ ಬರುತ್ತಿತ್ತು. "ಚಂದ್ರನ ಮೇಲಿನ ಗುಂಡಿ ಕಾಣುತ್ತೆ ಸ್ವಾಮಿ. ಆದರೆ ಹಕ್ಕಿಗಳು ನಿಲ್ಲಲ್ಲ" ಎಂದು ಅವನು ನಿಟ್ಟುಸಿರು ಬಿಟ್ಟ. ಕನ್ನಡಕದವನ ತಲೆಯಲ್ಲಿ ದೀಪ ಹತ್ತಿತು. ಅತ್ತೆ ನಿಲ್ಲುತ್ತಾರೆ. ಒಮ್ಮೆ ನಿಂತರೆ ಭೂಕಂಪಕ್ಕೂ ಅಲ್ಲಾಡುವವರಲ್ಲ.

ಕ್ಯಾಮೆರಾ ಎರವಲು ಬಂತು, ಕಂಡಕ್ಟರನ ಮೂಲಕ ಕರಾರಾಯಿತು. ದಿನಾ ಬೆಳಗ್ಗೆ ಅತ್ತೆ ತಮ್ಮ ತಾರಸಿಗೆ ಬಂದು, ಫೋಟೋವನ್ನು ಎದೆಗೆ ಹಿಡಿದು ಹತ್ತು ನಿಮಿಷ ನಿಲ್ಲಬೇಕು. ಅಳಿಯ ತನ್ನ ತಾರಸಿಯಿಂದ ಕ್ಲಿಕ್ಕಿಸಬೇಕು. ಹೊಸ್ತಿಲೂ ತುಳಿದಂತಾಗಲಿಲ್ಲ, ಸಾಕ್ಷಿಯೂ ಸಿಕ್ಕಿತು.

ಕನ್ನಡಕದವನು ಇದೇನು ಮಹಾ ಎಂದುಕೊಂಡಿದ್ದ. ಇಪ್ಪತ್ತೆರಡು ವರ್ಷದಿಂದ ಗಾಜಿನ ಜೊತೆಗೇ ಬಾಳಿದವನು. ಆದರೆ ಮೊದಲ ದಿನ ಝೂಮ್ ಮಾಡಿದ್ದೇ ತಡ, ಪರದೆಯ ತುಂಬ ಅತ್ತೆ ಗಾಳಿಪಟದಂತೆ ಮೇಲೆ ಕೆಳಗೆ ಹಾರಾಡತೊಡಗಿದರು. ಅವನು ಉಸಿರೆಳೆದರೆ ಅವರು ಪಕ್ಕದ ತಾರಸಿಗೆ ಹೋಗುತ್ತಿದ್ದರು. ಉಸಿರು ಬಿಟ್ಟರೆ ಆಕಾಶಕ್ಕೆ. ಬಂದ ಫೋಟೋದಲ್ಲಿ ಒಂದು ಬೂದು ಗೀಟು ಮಾತ್ರ ಇತ್ತು.

"ಇದು ಅಮ್ಮನ ಸೀರೆ" ಎಂದಳು ಹೆಂಡತಿ.

"ಅದು ಪೈಪು ಕಣೇ."

ಎರಡನೆಯ ದಿನ ಇನ್ನೂ ಹತ್ತಿರ ಕಾಣಲಿ ಎಂದು ಲೆನ್ಸಿನ ಮಿತಿ ದಾಟಿ ಡಿಜಿಟಲ್ ಝೂಮಿಗೆ ಹೋದ. ಅತ್ತೆ ಬಣ್ಣಬಣ್ಣದ ಚೌಕಗಳಾಗಿ ಒಡೆದುಹೋದರು. ಮೂರನೆಯ ದಿನ ಕ್ಯಾಮೆರಾ ಅತ್ತೆಯನ್ನು ಬಿಟ್ಟು ನಡುವಿನ ತಂತಿಯ ಮೇಲೆ ಕೂತಿದ್ದ ಕಾಗೆಯನ್ನು ಫೋಕಸ್ ಮಾಡಿತು. ಕಾಗೆಯ ಮೀಸೆಯಂಥ ಗರಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದರ ಹಿಂದೆ ಮಾವ ಮಂಜಾಗಿದ್ದರು.

ನಾಲ್ಕನೆಯ ದಿನ ಅತ್ತೆ ಬರುವುದು ತಡವಾಯಿತು. ಅಷ್ಟರಲ್ಲಿ ಬಿಸಿಲೇರಿ ಗೋದಾಮಿನ ತಗಡುಗಳು ಕಾದು, ಗಾಳಿ ಕುದಿಯತೊಡಗಿತ್ತು. ಫೋಟೋದಲ್ಲಿ ಅತ್ತೆ ನೀರಿನಡಿ ನಿಂತವರಂತೆ ಬಳುಕುತ್ತಿದ್ದರು. "ಅಮ್ಮ ಕುಣೀತಿದ್ದಾಳಾ?" ಎಂದು ಹೆಂಡತಿ ಗಾಬರಿಯಾದಳು.

ಕಂಡಕ್ಟರ್ ಸುದ್ದಿ ತಂದ: "ಕೈ ಸೋತುಹೋಗ್ತಿದೆಯಂತೆ. ಅಳಿಯಂದಿರಿಗೆ ಕಣ್ಣು ಮಂದವಾಗಿದ್ರೆ ಕನ್ನಡಕ ಅವರ ಅಂಗಡೀಲೇ ಸಿಗುತ್ತೆ ಅಂತ ನೆನಪು ಮಾಡು ಅಂದ್ರು."

ಕನ್ನಡಕದವನಿಗೆ ಆ ಮಾತು ಮುಳ್ಳಿನಂತೆ ನೆಟ್ಟಿತು. ಅಂಗಡಿ ತೆರೆಯುವುದು ತಡವಾದರೂ ಚಿಂತೆಯಿಲ್ಲವೆಂದು ಅವನು ಹಕ್ಕಿಯವನ ಮನೆಗೇ ಹೋಗಿ ಪಾಠ ಹೇಳಿಸಿಕೊಂಡ. ಮೂರು ಕಾಲಿನ ಟ್ರೈಪಾಡ್ ತಂದ. ಗಾಳಿಗೆ ಅದು ನಡುಗಬಾರದೆಂದು ಮರಳು ತುಂಬಿದ ಚೀಲವನ್ನು ಕೆಳಗೆ ನೇತುಹಾಕಿದ. ಗುಂಡಿ ಒತ್ತಿದ ಬೆರಳಿನ ಅದುರೂ ಬೇಡವೆಂದು ಎರಡು ಸೆಕೆಂಡಿನ ಟೈಮರ್ ಇಟ್ಟ. ಅತ್ತೆಗೆ, ಸೂರ್ಯ ಹುಟ್ಟಿದ ಕೂಡಲೇ, ತಗಡು ಕಾಯುವ ಮೊದಲೇ ಬರಬೇಕೆಂದು ಹೇಳಿ ಕಳಿಸಿದ. ಹೆಂಡತಿ ತಾರಸಿಯ ಮೇಲೆ ಹೆಜ್ಜೆ ಕದಲಿಸದಂತೆ ನಿಲ್ಲಬೇಕಾಯಿತು. ಕೆಮ್ಮು ಬಂದರೆ ಕೆಳಗಿಳಿದು ಕೆಮ್ಮಿ ಬರಬೇಕಾಯಿತು.

ಹದಿನಾಲ್ಕನೆಯ ದಿನ ಒಂದು ಚಿತ್ರ ರೂಪಾಯಿಗೆ ನಾಲ್ಕಾಣೆಯಷ್ಟು ಸ್ಪಷ್ಟವಾಗಿ ಬಂತು. ಚೌಕಟ್ಟಿನೊಳಗೆ ಒಂದು ಉದ್ದನೆಯ ಮುಖ. ಅಗಲ ಹಣೆ, ಮೇಲೆ ಬಿಳಿ.

"ಅಪ್ಪ!" ಎಂದಳು ಹೆಂಡತಿ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾವನದು ಉದ್ದ ಮುಖವೇ, ಅದರಲ್ಲಿ ಅನುಮಾನವಿರಲಿಲ್ಲ.

ಅವಳು ಆ ಚಿತ್ರವನ್ನು ಅಚ್ಚುಮನೆಗೆ ಒಯ್ದು ಗೋಡೆಯಗಲ ಮುದ್ರಿಸಿಕೊಂಡು ಬಂದಳು. ಅಡುಗೆಮನೆಯಲ್ಲಿ ಅಂಟಿಸಿ, ಪ್ರೂಫ್ ನೋಡುವ ಭೂತಗನ್ನಡಿ ಹಿಡಿದು ಇಂಚಿಂಚೂ ಹುಡುಕಿದಳು. "ತುಂಬಾ ಇಳಿದುಹೋಗಿದ್ದಾರೆ ರೀ."

"ಫೋಟೋದಲ್ಲಿರೋರು ಎಲ್ಲಿ ಇಳೀತಾರೆ?"

"ಕೆನ್ನೆ ನೋಡಿ, ಎಳೆದು ಉದ್ದ ಆಗಿದೆ. ಇಲ್ನೋಡಿ! ಬಲಗಡೆ ಕಪ್ಪು ಚುಕ್ಕೆ!"

ಚುಕ್ಕೆ ಇದ್ದದ್ದು ನಿಜ. ಕಿವಿಯ ಹತ್ತಿರವಲ್ಲ, ಮುಖದ ತುದಿಗೆ, ಬಾಯಿ ಇರಬೇಕಾದಲ್ಲಿ. ಕನ್ನಡಕದವನಿಗೆ ಸಂಶಯ ಬಂತು. ಅಳುತ್ತಿರುವ ಹೆಂಡತಿಯ ಎದುರು ಬಾಯಿ ಬಿಡಲು ಧೈರ್ಯ ಸಾಲಲಿಲ್ಲ. ಎರಡು ದಿನ ಅವನು ಆ ಮುಖದ ಎದುರೇ ಊಟ ಮಾಡಿದ. ಅತ್ತ ಕಡೆಯಿಂದ ತೀರ್ಪು ಬಂತು: "ಅದು ಧೂಳು. ಮತ್ತೆ ತೆಗೀರಿ."

ಇಪ್ಪತ್ತೆರಡನೆಯ ದಿನದ ಹಿಂದಿನ ರಾತ್ರಿಯಿಡೀ ಮಳೆ ಸುರಿಯಿತು. ಬೆಳಗಾದಾಗ ಗಾಳಿ ತೊಳೆದ ಗಾಜಿನಂತಿತ್ತು. ಗೋದಾಮಿನ ತಗಡುಗಳು ತಣ್ಣಗೆ ಮಲಗಿದ್ದವು, ತಂತಿಯ ಮೇಲೆ ಕಾಗೆಯೂ ಇರಲಿಲ್ಲ. ಕನ್ನಡಕದವನು ಎಲ್ಲವನ್ನೂ ಮಂತ್ರದಂತೆ ಒಂದೊಂದಾಗಿ ಮಾಡಿದ. ಟ್ರೈಪಾಡಿನ ಮೇಲಿರುವಾಗ ಅಲುಗಾಟ ತಡೆಯುವ ಸ್ವಿಚ್ಚೇ ಅಲುಗಾಟ ತರುತ್ತದೆಂದು ಅದನ್ನೂ ಆರಿಸಿದ. ಅತ್ತೆ ಬಂದು ನಿಂತರು. ಕೆಲವು ಸೆಕೆಂಡಿಗೊಂದರಂತೆ ಮೂವತ್ತು ಚಿತ್ರ ತೆಗೆಯುವಂತಿಟ್ಟು, ಗುಂಡಿ ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ಉಸಿರು ಹಿಡಿದ.

ಹನ್ನೊಂದನೆಯ ಚಿತ್ರ ಕೂದಲೆಳೆಯಷ್ಟೂ ಮಸುಕಿಲ್ಲದೆ ಬಂದಿತ್ತು.

ಅದು ಕುದುರೆ.

ಹಣೆಯ ಮೇಲೆ ಬಿಳಿ ಪಟ್ಟೆಯಿದ್ದ ಕಂದು ಕುದುರೆ. ಅತ್ತೆಯ ಮನೆಯಲ್ಲಿ ಮಾವನ ಫೋಟೋದ ಪಕ್ಕ, ಅಷ್ಟೇ ದೊಡ್ಡ ಚೌಕಟ್ಟಿನಲ್ಲಿ ತೂಗುತ್ತಿದ್ದ ಚಿತ್ರ. ಮಚ್ಚೆ ಎಂದುಕೊಂಡದ್ದು ಅದರ ಮೂಗಿನ ಹೊಳ್ಳೆ. ಏಳುನೂರು ಮೀಟರ್ ದಾಟಿ ಬಂದ ಕುದುರೆ ಕನ್ನಡಕದವನನ್ನು ತೀರಾ ಅಸಡ್ಡೆಯಿಂದ ನೋಡುತ್ತಿತ್ತು.

"ಅಪ್ಪ ಎಲ್ಲಿ?" ಎಂದಳು ಹೆಂಡತಿ. ಆಮೇಲೆ ಅಡುಗೆಮನೆಯ ಗೋಡೆ ನೆನಪಾಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ಬೇಕಂತಲೇ ಆಟ ಆಡಿಸ್ತಿದ್ದಾಳೆ! ನನ್ನನ್ನ ಕುದುರೆ ಮುಂದೆ ಅಳಿಸಿದಳಲ್ಲ ರೀ!"

ಕನ್ನಡಕದವನು ಕುದುರೆಯನ್ನು ಬಿಟ್ಟು ಅದನ್ನು ಹಿಡಿದವರ ಮುಖ ನೋಡುತ್ತಿದ್ದ. ಸುಮಾರು ಮೂರು ತಿಂಗಳ ಮೇಲೆ ಆ ಮುಖ ಅವನಿಗೆ ಸರಿಯಾಗಿ ಕಾಣುತ್ತಿತ್ತು. ಅತ್ತೆ ಠೀವಿಯಿಂದ ತಲೆಯೆತ್ತಿ ನಿಂತಿದ್ದರು, ಆದರೆ ನೋಡುತ್ತಿದ್ದದ್ದು ಇವರ ಕಡೆಗಲ್ಲ, ಬಹಳ ಆಚೆ ಇದ್ದ ನೀರಿನ ಟ್ಯಾಂಕಿನ ಕಡೆಗೆ. ಅವನು ಮುಂದಿನ ಚಿತ್ರಗಳನ್ನು ಒಂದೊಂದಾಗಿ ಸರಿಸಿದ. ಇಪ್ಪತ್ತರಲ್ಲಿ ಅತ್ತೆ ಚೌಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡರು. ಇಪ್ಪತ್ತನಾಲ್ಕರಲ್ಲಿ ಒಂದು ಕೈ ಮೋಟುಗೋಡೆಯನ್ನು ಸವರುತ್ತ ಹುಡುಕುತ್ತಿತ್ತು. ಇಪ್ಪತ್ತೆಂಟರಲ್ಲಿ ಬಲಗಾಲು ಮೆಟ್ಟಿಲು ಎಲ್ಲಿದೆಯೆಂದು ತಡವುತ್ತಿತ್ತು.

ಆ ಕೈಯನ್ನು ಅವನು ಬಲ್ಲ. ಅಂಗಡಿಯ ಬಾಗಿಲಲ್ಲಿ ಅಂಥ ಕೈಗಳನ್ನು ದಿನಾ ನೋಡುತ್ತಾನೆ.

"ಆಟ ಅಲ್ಲ ಕಣೇ" ಎಂದ. "ಅವರಿಗೆ ಕಾಣ್ತಿಲ್ಲ."

ಹೆಂಡತಿ ಕ್ಯಾಮೆರಾ ಕಸಿದುಕೊಂಡು ಆ ಚಿತ್ರಗಳನ್ನು ಮೂರು ಸಲ ನೋಡಿದಳು. ಸಿಕ್ಕ ಚಪ್ಪಲಿ ಮೆಟ್ಟಿಕೊಂಡು ಮೆಟ್ಟಿಲಿಳಿದಳು. ಒಂದು ಅವಳದು, ಒಂದು ಅವನದು.

ಬಸ್ಸಿನಲ್ಲಿ ಇಬ್ಬರನ್ನೂ ಕಂಡು ಕಂಡಕ್ಟರ್ ಹುಬ್ಬೇರಿಸಿದ. "ಹೊಸ್ತಿಲು ತುಳಿಯೋ ಹಾಗಿಲ್ವಲ್ಲ?"

"ದಾಟ್ಕೊಂಡು ಹೋಗ್ತೀವಿ" ಎಂದಳು. "ನೀವು ದಿನಾ ನೋಡ್ತೀರಲ್ಲ, ಅಮ್ಮನಿಗೆ ಕಣ್ಣು ಕಾಣಲ್ಲ ಅಂತ ಗೊತ್ತಾಗಲಿಲ್ವಾ?"

"ಕಾಣಲ್ವಾ?" ಅವನು ಟಿಕೆಟ್ ಹರಿಯುವುದನ್ನು ನಿಲ್ಲಿಸಿದ. "ನನ್ನ ಸೀಟಿ ಕೇಳಿದ ಕೂಡಲೇ ನೀರಿನ ಚೊಂಬು ಹಿಡ್ಕೊಂಡು ನಿಂತಿರ್ತಿದ್ರಮ್ಮಾ."

ಅತ್ತೆ ಮೇಜಿನ ಮುಂದೆ ಕೂತು, ಮಡಿಲಲ್ಲಿ ಕುದುರೆಯನ್ನು ಇಟ್ಟುಕೊಂಡು, ಸೆರಗಿನಿಂದ ಅದರ ಮುಖ ಒರೆಸುತ್ತಿದ್ದರು. ಹೆಜ್ಜೆಯ ಸದ್ದಿಗೆ ತಲೆ ಎತ್ತಿದರು. "ಯಾರು? ಅಳಿಯಂದ್ರಾ? ಕಂಡಿತಾ?"

"ಕಂಡಿತಮ್ಮ" ಎಂದಳು ಮಗಳು, ನಿಂತಲ್ಲೇ.

"ಎಡಗಿವಿ ತಾನೇ?"

"ಎಡಗಿವಿ."

ಅತ್ತೆಯ ಮುಖ ಗೆಲುವಿನಿಂದ ಅರಳಿತು. ಒಂದೇ ಗಳಿಗೆ. ಆಮೇಲೆ ಹಣೆ ಗಂಟಿಕ್ಕಿತು. "ನೀನು ಇಷ್ಟು ಸುಲಭಕ್ಕೆ ಒಪ್ಪೋಳಲ್ಲ." ಅವರ ಬೆರಳು ಚೌಕಟ್ಟಿನ ಅಂಚಿನ ಮೇಲೆ ಮೆಲ್ಲಗೆ ಓಡಾಡಿತು. "ಯಾರ ಫೋಟೋ ಇದು?"

ಮಗಳು ಗಂಡನ ಕಡೆ ತಿರುಗಿದಳು. ಹೇಳುವ ಪಾಡು ಅಳಿಯನಿಗೆ ಬಂತು. "ಕುದುರೆ, ಅತ್ತೆ."

"ಇಪ್ಪತ್ತೆರಡು ದಿನ?"

"ಇಪ್ಪತ್ತೆರಡು ದಿನಾನೂ."

ಅತ್ತೆಯ ಹೆಗಲು ಕುಲುಕಿತು. ಅಳುತ್ತಿದ್ದಾರೆಂದು ಮಗಳು ಓಡಿ ಹೋಗಿ ತಬ್ಬಿಕೊಂಡರೆ, ಅವರು ನಗುತ್ತಿದ್ದರು. "ದಿನಾ ಬೆಳಗ್ಗೆ ಇದರ ಹತ್ತಿರ ನಿನ್ನ ಮೇಲೆ ದೂರು ಹೇಳ್ತಿದ್ನಲ್ಲೇ!" ಎಂದರು. "ನಿಮ್ಮಪ್ಪನ ಹಾಗೇ ಒಂದಕ್ಕೂ ಉತ್ತರ ಕೊಡ್ತಿರಲಿಲ್ಲ." ಮಗಳೂ ನಗಲು ಹೋಗಿ ಅತ್ತಳು. ನಗು ಯಾರದು, ಅಳು ಯಾರದು ಎಂದು ತಿಳಿಯದಂತೆ ಇಬ್ಬರೂ ಬಹಳ ಹೊತ್ತು ಹಾಗೇ ಇದ್ದರು.

ಕನ್ನಡಕದವನು ಒಳಗೆ ಹೋಗಿ ಗೋಡೆಯ ಮೇಲಿದ್ದ ನಿಜವಾದ ಫೋಟೋ ನೋಡಿದ. ಮಾವ ಮಫ್ಲರ್ ಸುತ್ತಿಕೊಂಡಿದ್ದರು. ಎರಡು ಕಿವಿಯೂ ಮುಚ್ಚಿಹೋಗಿದ್ದವು. ಅವನು ಬಂದ ದಾರಿಯಲ್ಲೇ ಹಿಂದಿರುಗಿ ಬಂದು, ಆ ವಿಷಯವನ್ನು ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡ.

ಟಾರ್ಚ್ ಹಾಕಿ ನೋಡಿದರೆ ಎರಡೂ ಕಣ್ಣಲ್ಲಿ ಪೊರೆ ಹಾಲುಗಟ್ಟಿತ್ತು. "ಅತ್ತೆ, ಹೋದ ವರ್ಷ ನಮ್ಮ ಅಂಗಡೀಲಿ ಕೊನೇ ಸಾಲಿನವರೆಗೂ ಓದಿದ್ರಲ್ಲ!"

"ಓದಿದ್ದಲ್ಲ ಅಳಿಯಂದ್ರೇ. ನನಗಿಂತ ಮುಂಚೆ ಬೆಂಚಿನ ಮೇಲೆ ಆರು ಜನ ಇದ್ರು. ಒಬ್ಬೊಬ್ಬರೂ ಜೋರಾಗಿ ಓದಿದ್ರು. ಬಾಯಿಪಾಠ ಆಗಿಹೋಯ್ತು." ಅವರು ಸೆರಗು ಸರಿಮಾಡಿಕೊಂಡರು. "ನಿಮ್ಮ ಅಂಗಡೀಲೇ ಕೂತು ನಿಮ್ಮ ಅತ್ತೇನೇ ಕಾಣಲ್ಲ ಅಂದ್ರೆ ನಿಮ್ಮ ಮರ್ಯಾದೆ ಏನಾಗಬೇಕು? ಅಲ್ಲದೆ... ಕಣ್ಣಿಗೆ ಸೂಜಿ ಹಾಕ್ತಾರೆ ಅಂತಾರೆ. ಇವಳು ಬಂದಾಗೆಲ್ಲ ನನ್ನ ಕೈಯನ್ನೇ ನೋಡ್ತಿದ್ದಾಳೆ ಅನ್ನಿಸ್ತಿತ್ತು. ಗೊತ್ತಾಗಿಬಿಡುತ್ತೆ ಅಂತ ಭಯ. ಆ ಕಿವಿ ಮಾತು ಬಂತು, ಹಿಡ್ಕೊಂಡುಬಿಟ್ಟೆ."

"ಹಾಗಾದ್ರೆ ಎಡಗಿವಿ ಅನ್ನೋದು ಸುಳ್ಳಾ?" ಎಂದಳು ಮಗಳು.

"ಸುಳ್ಳು ಯಾಕೆ? ಎಡಗಿವೀನೇ."

ಮಗಳು ಬಾಯಿ ತೆರೆದು, ಮತ್ತೆ ಮುಚ್ಚಿಕೊಂಡಳು. ಅವಳ ಜೀವಮಾನದಲ್ಲಿ ಒಂದು ತಪ್ಪನ್ನು ತಿದ್ದದೆ ಬಿಟ್ಟದ್ದು ಅದೇ ಮೊದಲು.

ಹದಿನೈದು ದಿನದಲ್ಲಿ ಒಂದು ಕಣ್ಣಿನ ಪೊರೆ ತೆಗೆಸಿದ್ದಾಯಿತು. ಕಾಲು ಗಂಟೆಯ ಕೆಲಸ. ಅತ್ತೆ ಮಗಳ ಬಳೆಯನ್ನು ಬಿಡಲೇ ಇಲ್ಲವೆಂದು ಅವರನ್ನೂ ಅವಳನ್ನೂ ಒಟ್ಟಿಗೇ ಒಳಗೆ ಕರೆದೊಯ್ಯಬೇಕಾಯಿತು. ಮರುದಿನ ಪಟ್ಟಿ ಬಿಚ್ಚಿದಾಗ ಎದುರಿಗಿದ್ದದ್ದು ಅಳಿಯ. ಅತ್ತೆ ಅವನನ್ನು ಬಹಳ ಹೊತ್ತು ನೋಡಿದರು.

"ಕೂದಲೆಲ್ಲ ಯಾವಾಗ ಹೋಯ್ತು ಅಳಿಯಂದ್ರೇ?"

"ನಾಲ್ಕು ವರ್ಷ ಆಯ್ತು ಅತ್ತೆ."

"ಅಯ್ಯೋ ಪಾಪ" ಎಂದರು ಅವರು, ತುಂಬಾ ಮರುಕದಿಂದ. "ನನಗೆ ಯಾರೂ ಹೇಳಲೇ ಇಲ್ಲ."

ಆ ದಿನ ಮೂವರೂ ಬಸ್ಸಿನಲ್ಲಿ ಮನೆಗೆ ಹೊರಟರು. ಅತ್ತೆ ಕಿಟಕಿಯ ಪಕ್ಕ ಕೂತು, ದಾರಿಯುದ್ದಕ್ಕೂ ಅಂಗಡಿಗಳ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತ ಬಂದರು. ಟೈರ್ ಅಂಗಡಿ, ಬೀಗದ ಅಂಗಡಿ, ಇಲ್ಲಿ ಕಸ ಹಾಕಬಾರದು. ಬಸ್ಸು ಜೋರಾಗಿ ಹೋಗಿ ಒಂದು ಬೋರ್ಡು ತಪ್ಪಿದರೆ, "ಸ್ವಲ್ಪ ನಿಧಾನ ಹೇಳಪ್ಪಾ ಡ್ರೈವರಿಗೆ" ಎಂದು ಕಂಡಕ್ಟರನನ್ನು ಗದರಿಸುತ್ತಿದ್ದರು. ಅವನು ಹೋಗಿ ಹೇಳಿದ. ಬಸ್ಸು ಸೇತುವೆಯ ಮೇಲೆ ಎತ್ತಿನ ಗಾಡಿಯ ಹಾಗೆ ಹೋಯಿತು. ಹಿಂದಿನಿಂದ ಹಾರ್ನುಗಳು ಕೂಗಿಕೊಂಡವು, ಯಾರೂ ಕಿವಿಗೊಡಲಿಲ್ಲ.