ಹಲಗೆಯ ಮೇಲಿನ ಚಪ್ಪಲಿ

ಧರ್ಮಪಾಲ ನನ್ನ ಗಂಡನನ್ನು ರಬ್ಬರ್ ಪೈಪಿನಿಂದ ಬಡಿದದ್ದು ಉಗುರಿನಷ್ಟು ಮಣ್ಣಿಗಾಗಿ. ಹೊರದೇಶದಿಂದ ಹಡಗಿನಲ್ಲಿ ಬಂದ ಹಳೆಯ ಪೋಕಲೇನ್ ಯಂತ್ರದ ಚೈನಿನ ಸಂದಿಯಲ್ಲಿ ಅಷ್ಟೇ ಅಷ್ಟು ಕೆಂಪು ಮಣ್ಣು ಉಳಿದಿತ್ತು. ತಪಾಸಣೆಯ ಸಾಹೇಬರು ಬ್ಯಾಟರಿ ಬಿಟ್ಟು ನೋಡಿ, ಚಿಮಟದಿಂದ ಅದನ್ನು ಕಿತ್ತು ಬಿಳಿ ಕಾಗದದ ಮೇಲಿಟ್ಟು, ಫೇಲ್ ಎಂದು ಬರೆದು ಹೋದರು. ಅವರ ಜೀಪು ಗೇಟು ದಾಟಲಿ ಎಂದೇ ಧರ್ಮಪಾಲ ಕಾಯುತ್ತಿದ್ದ. ಬೆನ್ನಿಗೆ ನಾಲ್ಕು ಏಟು ಬಿದ್ದವು, ಐದನೆಯದು ಕಿವಿಯ ಮೇಲೆ. ಭೀಮು ಕೈ ಅಡ್ಡ ಹಿಡಿಯಲಿಲ್ಲ. ಅದನ್ನು ನೋಡಿ ನನ್ನ ಮೈ ಉರಿದುಹೋಯಿತು.

ನಮ್ಮದು ಕಳಂಬೋಲಿಯ ಆಚೆಗೆ ಧರ್ಮಪಾಲ ನಡೆಸುವ ಒಂದು ಯಾರ್ಡು. ಹನ್ನೊಂದು ಮಂದಿಯ ಗ್ಯಾಂಗು, ಎಲ್ಲರೂ ಅಫಜಲಪುರದ ಕಡೆಯವರು. ಗ್ಯಾಂಗನ್ನು ನಡೆಸುವ ಮುಕಾದಮ ಮಾಪಣ್ಣ ಮಾಮಾ. ಮಣ್ಣು ಅಗೆಯುವ ಯಂತ್ರಕ್ಕೆ ಮಣ್ಣು ಅಂಟಿರಬಾರದು ಎಂದಾಗ ಮೊದಲ ದಿನ ನಾನು ಬಿದ್ದು ಬಿದ್ದು ನಕ್ಕಿದ್ದೆ. ಆ ಮಣ್ಣಿನಲ್ಲಿ ಯಾವುದೋ ದೇಶದ ಹುಳ, ಕಳೆಯ ಬೀಜ, ಬೆಳೆಯ ರೋಗ ಬರುತ್ತದೆ, ಒಂದು ಸಲ ಇಳಿದರೆ ನಮ್ಮ ತೊಗರಿ ಹೊಲವನ್ನೂ ಬಿಡುವುದಿಲ್ಲ ಎಂದು ಮಾಮಾ ತಿಳಿಸಿ ಹೇಳಿದ ಮೇಲೆ ನಗು ನಿಂತಿತು. ಮೊದಲು ನೀರಿನ ಬಂದೂಕಿನಿಂದ ಹೊಡೆಯುವುದು, ಆಮೇಲೆ ಕಬ್ಬಿಣದ ಪಟ್ಟಿಯಿಂದ ಕೆರೆಯುವುದು, ಕೊನೆಗೆ ಇಡೀ ಯಂತ್ರಕ್ಕೆ ತಾಡಪತ್ರಿ ಹೊದಿಸಿ ಒಳಗೆ ಗ್ಯಾಸು ಬಿಡುವುದು. ಆ ಬಂದೂಕಿನ ನೀರು ನೀರಲ್ಲ, ಕುಡಗೋಲು. ಹೋದ ವರ್ಷ ರಾಯಚೂರಿನವನೊಬ್ಬನ ಕಾಲ ಮೇಲೆ ಜಾರಿ, ಗಂಬೂಟಿನ ಸಮೇತ ಪಾದ ಸೀಳಿತ್ತು. ಗ್ಯಾಸಿಗಂತೂ ಬಣ್ಣವಿಲ್ಲ, ವಾಸನೆಯೂ ಇಲ್ಲ. ಮರುದಿನ ತಾಡಪತ್ರಿ ತೆಗೆದರೆ ಕೆಳಗೆ ಇಲಿ, ಹಲ್ಲಿ, ಜಿರಳೆ ಎಲ್ಲ ಅಂಗಾತ ಬಿದ್ದಿರುತ್ತಿದ್ದವು.

ಗ್ಯಾಸು ಬಿಡುವ ಮುಂಚೆ ಒಬ್ಬೊಬ್ಬರ ಹೆಸರು ಕೂಗಬೇಕು, ಯಂತ್ರದ ಒಳಗೆ ಬ್ಯಾಟರಿ ಬಿಟ್ಟು ನೋಡಬೇಕು ಎಂದು ಗೋಡೆಯ ಮೇಲೆ ಮರಾಠಿಯಲ್ಲಿ ಬರೆದಿದೆ. ಧರ್ಮಪಾಲನಿಗೆ ಅಷ್ಟು ಪುರುಸೊತ್ತು ಎಲ್ಲಿಂದ ಬರಬೇಕು? ಹೆಸರು ಕೂಗುತ್ತ ನಿಂತರೆ ಬೈಯುತ್ತಿದ್ದ. ಹಾಗಾಗಿ ನಮ್ಮದೇ ಒಂದು ಪದ್ಧತಿ ಬೆಳೆಯಿತು. ಒಳಗೆ ಹೋಗುವವರು ಗಂಬೂಟು ಹಾಕಿಕೊಂಡು ಚಪ್ಪಲಿಯನ್ನು ಹೊರಗಿನ ಹಲಗೆಯ ಮೇಲೆ ಬಿಡುವುದು, ಹೊರಗೆ ಬಂದವರು ಚಪ್ಪಲಿ ಮೆಟ್ಟಿ ಹೋಗುವುದು. ಹಲಗೆ ಖಾಲಿಯಾಯಿತೆಂದರೆ ಒಳಗೆ ಯಾರೂ ಇಲ್ಲ. ಸೂಪರ್ವೈಸರ್ ಮನೀಶ್ ಹಲಗೆ ನೋಡಿಯೇ ವಾಲ್ವಿಗೆ ಕೈ ಹಾಕುತ್ತಿದ್ದ. ಮೂರು ವರ್ಷ ಒಂದು ಸಲವೂ ತಪ್ಪಿರಲಿಲ್ಲ.

ಏಟು ಬಿದ್ದ ರಾತ್ರಿ ನಾನು ಮಾತು ಬಿಟ್ಟೆ. ಬೆಳಿಗ್ಗೆ ಠಾಕುರ್ಲಿ ಸ್ಟೇಷನ್ನಿನ ಮೆಟ್ಟಿಲ ಮೇಲೆ ತಡೆಯಲಾಗಲಿಲ್ಲ.

"ನಿನ್ನ ಮೈಯಾಗ ರಕ್ತ ಐತೋ, ಆ ಪೈಪಿನ ನೀರೈತೋ?" ಎಂದೆ. "ದನಕ್ಕ ಹೊಡದಂಗ ಹೊಡದ. ದನಾನಾದ್ರ ಒಂದು ಸಲ ಒದಿತಿತ್ತು."

"ಮಣ್ಣು ನಾನೇ ಬಿಟ್ಟಿದ್ದೆ ಅಲ್ಲೇನ," ಎಂದ ಭೀಮು. "ತಪ್ಪು ನಂದು. ಇವತ್ತ ಯಂತ್ರದ ಹೊಟ್ಟಿ ಒಳಗ ಹೊಕ್ಕು ಕಣಾ ಬಿಡದಂಗ ಕೆರಿತೀನಿ, ನೋಡಕೋತ ಇರು."

ಅವನು ನನ್ನ ಸೋದರಮಾವನ ಮಗ. ಚಿಕ್ಕಂದಿನಿಂದ ಜೊತೆಗೆ ಬೆಳೆದದ್ದರಿಂದ ಬಹುವಚನ ನನ್ನ ಬಾಯಿಗೆ ಹತ್ತಲೇ ಇಲ್ಲ. ಆದರೆ ಗಂಡನ ಹೆಸರನ್ನು ಮಾತ್ರ ಬಾಯಿಬಿಟ್ಟು ಹೇಳಿದವಳಲ್ಲ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಮಾತು ಕೇಳಿ ಎರಡೂ ಕೈಯಿಂದ ಅವನನ್ನು ದೂಡಿದೆ. ಮೆಟ್ಟಿಲ ಮೇಲೆ ಮುಗ್ಗರಿಸಿದ, ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಜನ ನಿಂತು ನೋಡಿದರು. ಅವನು ಕಾಲೆಳೆಯುತ್ತ ಗಾಡಿ ಹತ್ತಿದ. ದೀವಾದಲ್ಲಿ ಗಾಡಿ ಬದಲಿಸುವಾಗಲೂ ಕಾಲೆಳೆಯುತ್ತಲೇ ನಡೆದ. ಹಿಂದಿನಿಂದ ಅದನ್ನು ನೋಡುತ್ತ ನಡೆದ ನನಗೆ ದೂಡಿದ್ದು ತಪ್ಪೆನಿಸಿತು. ಕರೆದು ಮಾತಾಡಿಸುವಷ್ಟು ದೊಡ್ಡತನ ಮಾತ್ರ ನನ್ನಲ್ಲಿ ಇರಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಎಲ್ಲರೂ ಚಪ್ಪಲಿ ಮೆಟ್ಟಿ ಗೇಟಿನ ಆಚೆಯ ಶೆಡ್ಡಿಗೆ ಹೋದರು. ಹಲಗೆಯ ಮೇಲೆ ಒಂದೇ ಜೋಡಿ ಉಳಿದಿತ್ತು, ನೀಲಿ ಪಟ್ಟಿಯದು, ಉಂಗುಷ್ಟ ಹರಿದದ್ದು. ಭೀಮು ಇನ್ನೂ ಪೋಕಲೇನಿನ ಹೊಟ್ಟೆಯೊಳಗೆ ಇದ್ದಾನೆಂದು ನನಗೆ ಗೊತ್ತಿತ್ತು. ಅಡಿಯ ತಗಡು ಬಿಚ್ಚಿದರೆ ಅಲ್ಲೊಬ್ಬ ಮಲಗುವಷ್ಟು ಜಾಗವಿದೆ. ಬಡಕಲು ಮೈಯವನಾದ್ದರಿಂದ ಆ ಕೆಲಸ ಯಾವಾಗಲೂ ಅವನ ಪಾಲಿಗೇ ಬರುತ್ತಿತ್ತು. ಅವನು ಹೊರಬರುವುದರೊಳಗೆ ಹೊಲಿಸಿ ತಂದಿಟ್ಟುಬಿಡೋಣ, ಬಾಯಿಂದ ತಪ್ಪಾಯಿತು ಎನ್ನುವುದು ಉಳಿಯುತ್ತದೆ ಎಂದುಕೊಂಡೆ. ಚಪ್ಪಲಿ ಎತ್ತಿ ಸೆರಗಿನಡಿ ಇಟ್ಟುಕೊಂಡು ರಸ್ತೆ ಕೂಡುವಲ್ಲಿನ ನಾಕಾದ ಮೋಚಿಯ ಹತ್ತಿರ ನಡೆದೆ. ಹಲಗೆಯ ವಿಚಾರ ತಲೆಗೆ ಬರಲೇ ಇಲ್ಲ. ಮೂರು ವರ್ಷ ದಿನಾ ಚಪ್ಪಲಿ ಬಿಟ್ಟ ಹಲಗೆ ಅದು. ಆಣೆಮಾಡಿ ಹೇಳುತ್ತೇನೆ, ಬರಲಿಲ್ಲ.

ಮೋಚಿ ನಿಧಾನದವನು. ಕಪ್ಪು ದಾರ ಮುಗಿದಿದೆ, ಬಿಳಿಯದರಲ್ಲಿ ಹಾಕಲೇ ಎಂದ. ಹಾಕು ಎಂದೆ.

ಮರಳಿ ಬಂದು ಗೇಟಿನೊಳಗೆ ಕಾಲಿಟ್ಟಾಗ ಪೋಕಲೇನು ಕಾಣಲಿಲ್ಲ. ಅದರ ಮೇಲೆ ತಾಡಪತ್ರಿ ಬಿದ್ದಿತ್ತು. ಗ್ಯಾಂಗು ಊಟದಿಂದ ಬರುವುದನ್ನೂ ಕಾಯದೆ ಮನೀಶನೂ ಧರ್ಮಪಾಲನೂ ಸೇರಿ ಸುತ್ತ ಅಂಚಿಗೆ ಮರಳಿನ ಚೀಲ ಪೇರಿಸಿದ್ದರು. ಗ್ಯಾಸಿನ ಪೈಪು ಒಳಗೆ ಹೋಗಿತ್ತು, ಮನೀಶ್ ವಾಲ್ವಿನ ಪಕ್ಕ ಮುಖವಾಡ ಹಾಕಿಕೊಂಡು ನಿಂತಿದ್ದ. ಹಲಗೆ ಖಾಲಿ. ಅವನ ಚಪ್ಪಲಿ ನನ್ನ ಕೈಯಲ್ಲಿ.

"ಭೀಮೂ!" ಎಂದು ಕಿರುಚಿದೆ. ಮದುವೆಯಾದ ಮೇಲೆ ಮೊದಲ ಸಲ ಆ ಹೆಸರು ಬಾಯಿಂದ ಬಂತು. "ಬಂದ್ ಮಾಡೋ! ಒಳಗ ಅದಾನೋ!"

ಮನೀಶ್ ಮುಖವಾಡ ಸರಿಸಿದ. ಸಾನಪಾಡಾದಲ್ಲಿ ಹುಟ್ಟಿ ಬೆಳೆದ ಹುಡುಗ, ತಾಯಿ ಉಡುಪಿಯ ಕಡೆಯವರು. "ಕೋಯೀ ನಹೀ ಹೈ. ನಾನೇ ನೋಡಿದ್ದೇನೆ ಮಾರಾಯ್ತಿ, ಹಲಗೆ ಮೇಲೆ ಒಂದೂ ಇರ್ಲಿಲ್ಲ. ಗ್ಯಾಸು ಬಿಟ್ಟದ್ದು ನೋಡ್ಲಿಕ್ಕೆ ಸಾಹೇಬ್ರು ಇವತ್ತೇ ಬರ್ತಾರಂತೆ, ಧರ್ಮಪಾಲಣ್ಣ ಬೇಗ ಬಿಡು ಅಂದ್ರು."

ನಾನು ಅವನಿಗೆ ಅದೇ ಚಪ್ಪಲಿಯಿಂದ ಹೊಡೆದೆ. ಕೆನ್ನೆಗೆ, ಬಾಯಿಗೆ, ಕಣ್ಣಿಗೆ. ತುಟಿ ಒಡೆದು ರಕ್ತ ಬಂತು. ಅವನು ಎತ್ತಿದ ಕೈ ಅಲ್ಲೇ ನಿಂತಿತು. ನನ್ನ ಕೈಯಲ್ಲಿದ್ದ ನೀಲಿ ಪಟ್ಟಿ ಅವನಿಗೆ ಕಂಡಿತ್ತು. ಮುಖದ ಕಳೆಯೇ ಇಳಿದುಹೋಯಿತು. ತಿರುಗಿ ವಾಲ್ವನ್ನು ಎರಡೂ ಕೈಯಿಂದ ತಿರುಗಿಸಿ ಬಂದ್ ಮಾಡಿದ.

ಆಫೀಸಿನಿಂದ ಧರ್ಮಪಾಲ ಓಡಿ ಬಂದ. "ಯಾರು ಬಂದ್ ಮಾಡ್ಲಿಕ್ಕೆ ಹೇಳಿದ್ದು ನಿಂಗೆ? ಅವ ಎಲ್ಲಿಯೋ ಕುಡ್ದು ಬಿದ್ದಿರ್ತಾನೆ. ತಾಡಪತ್ರಿ ತೆಗೆದ್ರೆ ಇವತ್ತಿನ ತಪಾಸಣೆ ಹೋಯ್ತು, ಗೊತ್ತುಂಟಾ?" ಎನ್ನುತ್ತ ಮನೀಶನ ಎದೆಗೆ ಒದ್ದ. ಹುಡುಗ ಸಿಲಿಂಡರುಗಳ ಮೇಲೆ ಬಿದ್ದ. ಧರ್ಮಪಾಲ ವಾಲ್ವನ್ನು ಮತ್ತೆ ತೆರೆದ.

ನಾನು ಮರಳಿನ ಚೀಲ ಎಳೆಯತೊಡಗಿದೆ. ಅವನು ಹಿಂದಿನಿಂದ ನನ್ನ ತುರುಬು ಹಿಡಿದು ಎತ್ತಿ ಕಾಂಕ್ರೀಟಿನ ಮೇಲೆ ಬಡಿದ. ಮುಂದಿನ ಹಲ್ಲು ಮುರಿದದ್ದು ಆಗಲೇ. ಎದ್ದು ಅವನ ಮುಂಗೈ ಕಚ್ಚಿದೆ. ಬಾಯಿ ತುಂಬ ಉಪ್ಪು ಬರುವ ತನಕ ಬಿಡಲಿಲ್ಲ. ಅವನು ಮೊಣಕಾಲಿನಿಂದ ನನ್ನ ಹೊಟ್ಟೆಗೆ ಗುದ್ದಿದ. ಉಸಿರು ಸಿಕ್ಕಲಿಲ್ಲ. ಸಿಗದಿದ್ದರೂ ತೆವಳುತ್ತ ಹೋಗಿ ಕೆರೆಯುವ ಪಟ್ಟಿ ಹುಡುಕಿ ಕೈಗೆತ್ತಿಕೊಂಡೆ. ಅವನನ್ನು ಕೊಂದು ಹಾಕುವ ಮನಸ್ಸೇ ನನಗಿತ್ತು. ಯಾಕೆ ಮುಚ್ಚಿಡಲಿ?

ಅಷ್ಟರಲ್ಲಿ ಶೆಡ್ಡಿನಿಂದ ಗ್ಯಾಂಗಿನವರು ಓಡಿಬಂದರು. ಮಾಪಣ್ಣ ಮಾಮಾ ಒಂದೇ ಮಾತು ಕೇಳಿದ.

"ಒಳಗ ಅದಾನೇನವಾ?"

"ಅದಾನ ಮಾಮಾ!"

ಅರವತ್ತು ದಾಟಿದ ಮುದುಕ. ಯಾರಿಗೂ ಎದುರು ಮಾತಾಡಿದವನಲ್ಲ. ಪಂಪಿನ ಗುಂಡಿ ಒತ್ತಿ, ನೀರಿನ ಬಂದೂಕು ಎತ್ತಿ, ಧರ್ಮಪಾಲನ ತೊಡೆಗೆ ಹಿಡಿದ. ಪ್ಯಾಂಟು ಚಿಂದಿಯಾಯಿತು, ಅದರಡಿಯ ಚರ್ಮ ಬಾಯಿ ಬಿಟ್ಟಿತು. ಧರ್ಮಪಾಲ ಅರಚುತ್ತ ಬಿದ್ದು ಹೊರಳಿದ. ಹರಿಯುವ ನೀರೆಲ್ಲ ಕೆಂಪಾಯಿತು. ಮಾಮಾ ಬಂದೂಕು ಇಳಿಸದೆ, "ಹುಡುಗಾ, ಕೊಯ್ಯೋ!" ಎಂದು ಕೂಗಿದ.

ಮನೀಶ್ ಎದ್ದಿದ್ದ. ಎದೆ ಹಿಡಿದುಕೊಂಡೇ ವಾಲ್ವು ಬಂದ್ ಮಾಡಿ, ನನ್ನ ಕೈಯಿಂದ ಪಟ್ಟಿ ಕಸಿದು ತಾಡಪತ್ರಿ ಸೀಳಿದ. ನಾನು ಒಳಗೆ ನುಗ್ಗಲು ಹೋದೆ. ಅವನು ನನ್ನನ್ನು ಹಿಂದಕ್ಕೆ ತಳ್ಳಿ, ಮುಖವಾಡ ಬಿಗಿದುಕೊಂಡು ತಾನೇ ಯಂತ್ರದಡಿಗೆ ತೂರಿದ. ಒಳಗಿನಿಂದ ತಗಡು ಬಡಿದ ಸದ್ದು ಬಂತು. ಆಮೇಲೆ ಒಂದು ಗಂಬೂಟು, ಇನ್ನೊಂದು ಗಂಬೂಟು, ಅವುಗಳ ಹಿಂದೆ ನನ್ನ ಗಂಡ. ಕಣ್ಣು ಮೇಲಕ್ಕೆ ಸಿಕ್ಕಿದ್ದವು, ಬಾಯಲ್ಲಿ ನೊರೆ, ಕೈಕಾಲು ಕೊಯ್ದ ಕೋಳಿಯ ಹಾಗೆ ಒದ್ದಾಡುತ್ತಿದ್ದವು. ಮನೀಶ್ ಅವನ ಪಕ್ಕದಲ್ಲೇ ಕುಸಿದು ವಾಂತಿ ಮಾಡಿದ.

ಪೊಲೀಸರು ಬಂದರು. ಧರ್ಮಪಾಲ ಆಸ್ಪತ್ರೆಯ ಮಂಚದ ಮೇಲಿಂದಲೇ, ಚಪ್ಪಲಿ ಹಲಗೆಯ ಮೇಲೇ ಇತ್ತು, ಹುಡುಗ ನೋಡದೆ ಗ್ಯಾಸು ಬಿಟ್ಟ ಎಂದು ಬರೆಸಿದ. ತನ್ನ ತಪ್ಪು ಮುಚ್ಚಿಕೊಳ್ಳಲು ಆಡಿದ ಸುಳ್ಳು, ಅದು ಬಂದು ನನಗೂ ಕೊಡೆ ಹಿಡಿಯಿತು. ಪೊಲೀಸ್ ಸಾಹೇಬ ನನ್ನನ್ನು ಕೇಳಿದ. ಹಲಗೆಯ ಮೇಲೇ ಇತ್ತು ಎಂದೆ.

"ಆಂಟೀ," ಎಂದ ಮನೀಶ್, ಊದಿದ ತುಟಿಯಲ್ಲಿ. "ನಿಮ್ಮ ಕೈಯಲ್ಲಿತ್ತಲ್ವಾ? ಅದ್ರಲ್ಲೇ ಹೊಡೆದ್ರಲ್ವಾ ನಂಗೆ?"

"ಹಲಗಿ ಮ್ಯಾಲಿಂದ ಎತಗೊಂಡೇ ಹೊಡದೀನಿ," ಎಂದೆ.

ಆಗ ಆ ಚಪ್ಪಲಿ ನನ್ನ ಚೀಲದಲ್ಲಿ, ಟಿಫಿನ್ ಡಬ್ಬಿಯ ಕೆಳಗಿತ್ತು. ಗದ್ದಲದಲ್ಲಿ ಕಳೆದುಹೋಯಿತು ಎಂದು ಬರೆಸಿದೆ. ಮಾಮಾನ ಕೈಯಿಂದ ಬಂದೂಕು ಜಾರಿತು ಎಂದು ಗ್ಯಾಂಗಿನವರೆಲ್ಲ ಆಗಲೇ ಹೇಳಿಯಾಗಿತ್ತು. ಒಂದು ಸುಳ್ಳಿನ ಪಕ್ಕ ಇನ್ನೊಂದು ಸಲೀಸಾಗಿ ಕುಳಿತಿತು. ಮನೀಶನ ಕೈಗೆ ಬೇಡಿ ಹಾಕಿ ಕರೆದುಕೊಂಡು ಹೋದರು.

ಮೂರನೆಯ ದಿನ ಅವನ ತಾಯಿ ಪುಷ್ಪಾವತಿ ಆಸ್ಪತ್ರೆಗೆ ಬಂದರು. ಕೈಯಲ್ಲಿ ಗಂಜಿಯ ಡಬ್ಬಿ. "ನಾನು ಜಗಳಕ್ಕೆ ಬಂದದ್ದಲ್ಲ ಅಮ್ಮ," ಎಂದರು. "ಲಾಕಪ್ಪಿನಲ್ಲಿ ಅವನಿಗೆ ಸಮಾ ಹೊಡೆದಿದ್ದಾರೆ. ಬೆರಳು ಮಡಚ್ಲಿಕ್ಕೆ ಆಗುದಿಲ್ಲ. ಅವ ಹಲಗೆ ಖಾಲಿ ನೋಡಿದ್ದು ನಿಜವಾ, ಸುಳ್ಳಾ? ಅಷ್ಟು ಹೇಳಿ, ಹೋಗ್ತೇನೆ."

"ಸುಳ್ಳು," ಎಂದೆ. ಗಂಜಿಯ ಡಬ್ಬಿಯನ್ನು ಕಾಲಿನಿಂದ ಒದ್ದೆ. ಅವರು ಬಗ್ಗಿ, ನೆಲದ ಮೇಲೆ ಚೆಲ್ಲಿದ ಗಂಜಿಯನ್ನು ತಮ್ಮ ಸೆರಗಿನಿಂದಲೇ ಒರೆಸಿ ಹೋದರು.

ಭೀಮು ಮಾತಾಡಿದ್ದು ಆರನೆಯ ದಿನ. ಕೈ ನಡುಗುತ್ತಿತ್ತು, ನಾಲಿಗೆ ತೊದಲುತ್ತಿತ್ತು. ಕಾಲಿನಲ್ಲಿ ಕಸುವು ಬರುತ್ತದೋ ಇಲ್ಲವೋ ಹೇಳಲಾಗದು ಎಂದಿದ್ದರು ಡಾಕ್ಟರು. ನಾನು ಕಿವಿಯನ್ನು ಅವನ ಬಾಯಿಗೆ ಹಚ್ಚಿದೆ.

"ಹೊಲಿಸ್ದೇನು?" ಎಂದ.

"ಏನು?"

"ಚಪ್ಲಿ. ನೀ ಒಯ್ಯೋದು ಒಳಗಿಂದ ನೋಡೀನಿ ನಾ. ಚೈನಿನ ಸಂದ್ಯಾಗಿಂದ."

"ಮತ್ತ ಯಾಕ ಕರೀಲಿಲ್ಲ?"

"ಸಿಟ್ಟು ಇಳೀತು ನಿಂದು, ಅಂದ್ಕೊಂಡೆ. ಹಿಂದಿನ ರಾತ್ರಿ ನೀ ಮಾತಾಡ್ದಿಲ್ಲ, ನಿದ್ದಿನೇ ಇದ್ದಿಲ್ಲ ನನಗ. ಚಪ್ಲಿ ಸೆರಗಿನಾಗ ಮುಚ್ಚಿಕೊಂಡು ಹೊಂಟಿದ್ದು ನೋಡಿ ಜೀವ ಹಗುರಾತು. ಅಲ್ಲೇ ಕಣ್ಣು ಹತ್ತಿತು." ಇಷ್ಟು ಹೇಳುವುದಕ್ಕೆ ಅವನಿಗೆ ಬಹಳ ಹೊತ್ತು ಹಿಡಿಯಿತು. ಆಮೇಲೆ ನಕ್ಕ. ತುಟಿಯ ಒಂದು ಬದಿ ಮಾತ್ರ ಏಳುತ್ತಿತ್ತು.

ಆಸ್ಪತ್ರೆಯ ಬಚ್ಚಲಿನಲ್ಲಿ ಕುಳಿತು ಅತ್ತೆ. ಮುರಿದ ಹಲ್ಲಿಗೆ ನಾಲಿಗೆ ಹೊರಳಿದಾಗಲೆಲ್ಲ ಧರ್ಮಪಾಲ ನೆನಪಾಗಬೇಕಿತ್ತು. ನೆನಪಾದದ್ದು ಮನೀಶನ ಮಡಚಲಾರದ ಬೆರಳು. ನನ್ನ ಗಂಡನನ್ನು ಹೊರಗೆಳೆದದ್ದು ಅವೇ ಬೆರಳು.

ಮರುದಿನ ಬೆಳಿಗ್ಗೆ ಪೊಲೀಸ್ ಠಾಣೆಗೆ ಹೋಗಿ ಚೀಲದಿಂದ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟೆ. ಬರೆಯುತ್ತಿದ್ದ ಹವಾಲ್ದಾರ ಹೌಹಾರಿ, ಕೆಳಗಿಡು ಎಂದು ಲಾಠಿಯಿಂದ ಮೇಜು ಕುಟ್ಟಿದ. ನಾನು ಇಡಲಿಲ್ಲ. ಉಂಗುಷ್ಟದ ಹತ್ತಿರದ ಬಿಳಿ ಹೊಲಿಗೆಗೆ ಬೆರಳಿಟ್ಟು ತೋರಿಸಿದೆ. ಒಂದು ಹೆಜ್ಜೆಯೂ ಮೆಟ್ಟದ ಹೊಲಿಗೆ ಅದು, ಮನೀಶನ ತುಟಿಯ ರಕ್ತ ಅದರ ಮೇಲೆ ಕಂದುಬಣ್ಣಕ್ಕೆ ಒಣಗಿತ್ತು. ಗ್ಯಾಸು ಬಿಟ್ಟ ಹೊತ್ತಿಗೆ ಇದು ನಾಕಾದ ಮೋಚಿಯ ಹತ್ತಿರ ಇತ್ತು, ಅವನನ್ನೇ ಕೇಳಿ ಎಂದೆ.

ಹವಾಲ್ದಾರ ಲಾಠಿ ಬದಿಗಿಟ್ಟು ಪೆನ್ನು ಹಿಡಿದ. ಚಪ್ಪಲಿ ಯಾರದು ಎಂದು ಕೇಳಿದ.

"ಭೀಮುಂದು," ಎಂದೆ.

ಹಲಗೆಯ ಮೇಲಿಂದ ತೆಗೆದವರು ಯಾರು ಎಂದು ಕೇಳಿದ.

"ನಾನು," ಎಂದೆ.