ಲೇಸಿಲ್ಲದ ಬೂಟು

ಗಡಿಯಾರ ಗೋಪುರದ ಬುಡದಲ್ಲಿ ಗುಂಪು ಕೂಡಿಸಿಕೊಳ್ಳುವಾಗಲೇ ಗೈಡಮ್ಮನಿಗೆ ಗೊತ್ತಾಯಿತು, ಇವತ್ತು ಕಾಳಿನಲ್ಲಿ ಹುಳ ಸೇರಿದೆ ಎಂದು. ಊರು ನೋಡಲು ಬಂದವರು ಯಾರೇ ಆಗಲಿ, ಬೆರಳು ತೋರಿದ ಕಡೆ ಕತ್ತೆತ್ತುತ್ತಾರೆ. ಈ ಮನುಷ್ಯ ಬೆರಳನ್ನೂ ನೋಡಲಿಲ್ಲ, ಗೋಪುರವನ್ನೂ ನೋಡಲಿಲ್ಲ. ಅವಳ ಬಾಯನ್ನೇ ನೋಡುತ್ತಿದ್ದ. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ. ಕೊರಳಲ್ಲಿ ತೂಗುತ್ತಿದ್ದ ಕ್ಯಾಮೆರಾದ ಮುಚ್ಚಳ ಇನ್ನೂ ತೆಗೆದಿರಲಿಲ್ಲ.

ಪಕ್ಕದ ಗುಂಪಿನ ಗೈಡು ಹಳದಿ ಛತ್ರಿ ಬಿಚ್ಚುವ ನೆಪದಲ್ಲಿ ಹತ್ತಿರ ಸರಿದ. ಜನ ತಪ್ಪಿಸಿಕೊಳ್ಳದಿರಲೆಂದು ಆ ಛತ್ರಿ ಎತ್ತಿ ಹಿಡಿದು ಹಿಡಿದು ಅವನ ಹೆಸರೇ ಛತ್ರಿಯಣ್ಣ ಆಗಿಹೋಗಿತ್ತು.

"ಇಲಾಖೆಯವನು, ನೋಡಿದ್ಯಾ?"

"ನೋಡಿದೆ."

"ಹೋದ ವಾರ ನಮ್ಮ ಮುದುಕಪ್ಪನ ಗೈಡು ಬಿಲ್ಲೆ ಕಿತ್ಕೊಂಡವನು ಇವನೇ. ಆ ಬೀದೀಲಿ ಬಾಯಿಗೆ ಬೀಗ ಹಾಕ್ಕೊಂಡು ಹೋಗಿಬಿಡು, ತಂಗಿ. ಇವತ್ತೊಂದಿನ."

"ನಾಳೆ ಗೋಡೆಗೆ ಗಾರೆ ಮೆತ್ತಿಬಿಡ್ತಾರಲ್ಲಣ್ಣ. ಇನ್ನೊಂದಿನ ಅನ್ನೋದೆಲ್ಲಿದೆ?"

ಛತ್ರಿಯಣ್ಣ ಛತ್ರಿಯ ಕಡ್ಡಿ ಸರಿಮಾಡತೊಡಗಿದ.

ಗೋಪುರಕ್ಕೂ ಅರಮನೆಯ ಬಾಗಿಲಿಗೂ ನಡುವೆ ಇರುವುದು ಅಚ್ಚುಕೂಟದ ಬೀದಿ. ಅಚ್ಚುಕೂಟ ಮುಚ್ಚಿದಾಗ ಕೆಲಸ ಕೇಳಿಕೊಂಡು ಅರಮನೆಗೆ ಹೊರಟವರನ್ನು ಅಲ್ಲೇ ತಡೆದು, ಗೋಡೆಗೆ ಒತ್ತಿ ನಿಲ್ಲಿಸಿ ಗುಂಡು ಹಾರಿಸಿದ್ದರು. ಗೈಡಮ್ಮನ ಅಣ್ಣ ಅವರಲ್ಲೊಬ್ಬ. ಆಗ ಅವಳಿನ್ನೂ ಶಾಲೆಗೆ ಹೋಗುವ ಹುಡುಗಿ. ಸರ್ಕಾರ ಬದಲಾಯಿತು, ಕುರ್ಚಿ ಬದಲಾಯಿತು, ಬಣ್ಣ ಬದಲಾಯಿತು. ಅಲ್ಲಿ ಯಾರೂ ಸತ್ತಿಲ್ಲ ಎಂಬ ಮಾತು ಮಾತ್ರ ಬದಲಾಗಲಿಲ್ಲ. ಆ ಬೀದಿಯಲ್ಲಿ ಗುಂಪು ನಿಲ್ಲಿಸಕೂಡದು. ಗೋಡೆಯ ತೂತುಗಳನ್ನು ತೋರಿಸಕೂಡದು. ಯಾರಾದರೂ ಕೇಳಿಯೇಬಿಟ್ಟರೆ ಹೇಳಲು ಪ್ರವಾಸೋದ್ಯಮ ಇಲಾಖೆ ಒಂದು ವಾಕ್ಯ ಕಲಿಸಿತ್ತು: "ಇವು ಹಿಂದಿನ ಕಾಲದ ಗಾರೆಯವರು ಅಟ್ಟಣೆಯ ಗಳ ಕೂರಿಸಲು ಬಿಟ್ಟ ತೂತುಗಳು."

ಗೈಡುಗಳೇನು ಕಡಿಮೆಯೇ? ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಜನ. ಸರಿಯಾಗಿ ಆ ಗೋಡೆಯ ಮುಂದೆ ಒಬ್ಬೊಬ್ಬರ ಬೂಟಿನ ಲೇಸೂ ಬಿಚ್ಚಿಕೊಳ್ಳತೊಡಗಿತು. ಗೈಡು ಬಗ್ಗಿ ಕಟ್ಟಿಕೊಳ್ಳುವಷ್ಟು ಹೊತ್ತು ಗುಂಪು ನಿಲ್ಲಲೇಬೇಕು. ನಿಂತವರ ಕಣ್ಣು ಸುಮ್ಮನಿರುತ್ತದೆಯೇ? ಇಲಾಖೆಗೆ ತಡವಾಗಿ ಬುದ್ಧಿ ಬಂತು. ಇನ್ನು ಮುಂದೆ ಗೈಡುಗಳೆಲ್ಲ ಲೇಸಿಲ್ಲದ ಬೂಟನ್ನೇ ಹಾಕತಕ್ಕದ್ದು ಎಂದು ಹುಕುಂ ಹೊರಟಿತು. ಒಂದು ದೇಶದ ಸರ್ಕಾರ ಬೂಟಿನ ದಾರಕ್ಕೆ ಹೆದರಿತ್ತು.

ಗೋಡೆಯ ಎದುರಿನ ಮಹಡಿಯಲ್ಲಿ ಗೈಡಮ್ಮನ ತಾಯಿ ಇದ್ದಳು. ಗುಂಪು ಬರುವ ಹೊತ್ತಿಗೆ ಕಿಟಕಿಗೆ ಬರುವಳು. ಸಂಜೆ ಮಗಳು ಮೆಟ್ಟಿಲು ಹತ್ತುತ್ತಿದ್ದಂತೆ ಕೇಳುವುದು ಒಂದೇ ಮಾತು: "ಇವತ್ತು ನಿಂತ್ಯಾ?" ಕಣ್ಣಾರೆ ಕಂಡಿದ್ದರೂ ಕೇಳುವಳು. ಇವತ್ತು ನಿಂತರೆ ಬಿಲ್ಲೆ ಹೋಗುತ್ತದೆ. ಅದು ಇಬ್ಬರ ಹೊಟ್ಟೆಪಾಡು. ನಿಲ್ಲದಿದ್ದರೆ ನಾಳೆ ನಿಲ್ಲಲು ಗೋಡೆಯೇ ಇರುವುದಿಲ್ಲ.

"ಎಲ್ಲರೂ ಬನ್ನಿ," ಎಂದಳು ಗೈಡಮ್ಮ, ಗೋಪುರದ ಬಾಗಿಲು ತೋರಿಸಿ. "ಈ ಬಾಗಿಲು ಎಷ್ಟೆತ್ತರ ಅಂತ ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಯಜಮಾನ್ರೇ, ನೀವು ಸ್ವಲ್ಪ ಇಲ್ಲಿ ನಿಲ್ಲಿ."

ಕರೆದದ್ದು ಹೆಂಡತಿಯ ಜೊತೆ ಬಂದಿದ್ದ ದಪ್ಪನೆಯ ಬಟ್ಟೆ ವ್ಯಾಪಾರಿಯನ್ನು. ಅವನು ಗೋಪುರದ ಬಾಗಿಲಿಗೆ ಬೆನ್ನು ಕೊಟ್ಟು ಎದೆಯುಬ್ಬಿಸಿ ನಿಂತ.

"ಎತ್ತರ ಅಳೀರಮ್ಮ, ಅಗಲ ಬೇಡ. ಅಗಲಕ್ಕೆ ನಿಮ್ಮ ಬಾಗಿಲು ಸಾಲಲ್ಲ."

"ಮನೆ ಬಾಗಿಲೂ ಸಾಲಲ್ಲ," ಎಂದಳು ಅವನ ಹೆಂಡತಿ. ಎಲ್ಲರೂ ನಕ್ಕರು. ಎತ್ತರದ ಆಳು ಮಾತ್ರ ನಗಲಿಲ್ಲ.

ಬಂದವರಲ್ಲೊಬ್ಬರನ್ನು ಅಳತೆಗೋಲು ಮಾಡಿ ನಿಲ್ಲಿಸುವುದು ಇಲಾಖೆಯೇ ಕಲಿಸಿದ ಪಾಠ. ಜನರನ್ನು ಸೇರಿಸಿಕೊಂಡು ತೋರಿಸಿ ಎಂದು ತರಬೇತಿಯಲ್ಲಿ ಸಾರಿ ಸಾರಿ ಹೇಳಿದ್ದರು. ಗೈಡಮ್ಮ ಪಾಠ ಮರೆಯುವವಳಲ್ಲ.

ಬೀದಿಯೊಳಗೆ ಅವಳು ಹಿಂದುಹಿಂದಕ್ಕೆ ನಡೆಯುತ್ತ ಹೊಕ್ಕಳು. ಗೈಡುಗಳ ನಡಿಗೆಯೇ ಹಾಗೆ, ಮುಖ ಜನರ ಕಡೆ, ಬೆನ್ನು ದಾರಿಯ ಕಡೆ. ಕಾಲಿಗೆ ಪ್ರತಿ ಕಲ್ಲೂ ಗೊತ್ತು. ಇವತ್ತು ಕಲ್ಲುಗಳೆಲ್ಲ ಹೊಸವೆನಿಸಿದವು. ಒಂದು ಕಡೆ ಮರಳಿನ ಗುಡ್ಡೆ, ಗಾರೆಯ ಬಾಂಡ್ಲಿ, ಆಗಲೇ ಕಟ್ಟಿದ್ದ ಅಟ್ಟಣೆ. ಗೋಡೆಯ ಅರ್ಧ ಬಿಳುಪಾಗಿತ್ತು. ಉಳಿದರ್ಧದಲ್ಲಿ ತೂತುಗಳಿದ್ದವು. ಎತ್ತರದ ಆಳು ಗುಂಪನ್ನು ದಾಟಿ ಮುಂದಕ್ಕೆ ಬಂದಿದ್ದ, ಬೇಟೆಗೆ ಹೊಂಚುಹಾಕುವ ಬೆಕ್ಕಿನಂತೆ ಅವಳ ಬಾಯಿಂದ ಕಣ್ಣು ಕೀಳದೆ.

ಗೈಡಮ್ಮ ಗೋಡೆಯನ್ನು ನೋಡಲಿಲ್ಲ. ನಿಲ್ಲಲಿಲ್ಲ. ಅರಮನೆಯ ಬಾಗಿಲಿನ ವಿಷಯ ಹೇಳುತ್ತಲೇ ಇದ್ದಳು. ಮೇಲೆ ಕಿಟಕಿಯ ಸರಳಿಗೆ ಎರಡು ಕೈ ಬಂದು ಕೂತದ್ದು ಕಂಡಿತು. ಆ ಕೈಗಳನ್ನು ದಾಟಿ ಇನ್ನೇನು ಮುಂದೆ ಹೋಗಬೇಕು, ಅಷ್ಟರಲ್ಲಿ ವ್ಯಾಪಾರಿಯ ಹೆಂಡತಿ ಕೇಳಿದಳು.

"ಇದೇನಮ್ಮ, ಗೋಡೆಗೆ ಸಿಡುಬು ಎದ್ದ ಹಾಗೆ?"

ಎತ್ತರದ ಆಳಿನ ತುಟಿಯ ಕೊನೆ ಸ್ವಲ್ಪ ಮೇಲೇರಿತು. ಅಮ್ಮನಿಗೆ ಕೇಳಿಸುವ ದೂರದಲ್ಲಿ ಆ ವಾಕ್ಯವನ್ನು ಗೈಡಮ್ಮ ಎಂದೂ ಆಡಿರಲಿಲ್ಲ.

"ಇವು ಹಿಂದಿನ ಕಾಲದ ಗಾರೆಯವರು," ಎಂದಳು, "ಅಟ್ಟಣೆಯ ಗಳ ಕೂರಿಸಲು ಬಿಟ್ಟ ತೂತುಗಳು."

ಸರಳಿನ ಮೇಲಿದ್ದ ಕೈಗಳು ಕೆಳಗೆ ಜಾರಿದವು.

ಅದನ್ನು ಕಂಡದ್ದೇ ಅವಳ ಕಾಲು ತಾನಾಗಿ ನಿಂತಿತು. "ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ," ಎಂದಳು, ದನಿ ಸ್ವಲ್ಪವೂ ಏರಿಸದೆ. "ಕ್ಯಾಮೆರಾ ಹಾಕ್ಕೊಂಡಿರೋ ಸ್ವಾಮಿಗಳೇ, ನೀವು ಸ್ವಲ್ಪ ಇಲ್ಲಿ ನಿಲ್ಲಿ. ಗೋಡೆಗೆ ಬೆನ್ನು ಕೊಟ್ಟು."

"ನಾನ್ಯಾಕೆ?"

"ಆಗ ನಾನು ನಿಂತಿಲ್ವೇನ್ರೀ?" ಎಂದ ವ್ಯಾಪಾರಿ. "ಬನ್ನಿ ಬನ್ನಿ, ನಾಚ್ಕೋಬೇಡಿ. ದುಡ್ಡೇನೂ ಕೇಳಲ್ಲ."

ಎಲ್ಲರೂ ಅವನ ಕಡೆ ತಿರುಗಿದರು. ಊರು ನೋಡಲು ಬಂದವನ ವೇಷ ಹಾಕಿದ ಮೇಲೆ ಕುಣಿಯಲೇಬೇಕು. ಒಲ್ಲೆ ಎಂದರೆ ತಾನು ಯಾರೆಂದು ಹೇಳಬೇಕು. ಅವನು ಗೋಡೆಯ ಹತ್ತಿರ ಹೋದ, ತಿರುಗಿದ, ಬೆನ್ನು ಕೊಟ್ಟು ನಿಂತ.

ತೂತುಗಳ ಸಾಲು ಅವನ ಒಂದು ತೋಳಿನ ಪಕ್ಕದಲ್ಲಿ ಬಂದು, ಎದೆಯ ಹಿಂದೆ ಮರೆಯಾಗಿ, ಇನ್ನೊಂದು ತೋಳಿನ ಪಕ್ಕದಲ್ಲಿ ಮತ್ತೆ ಶುರುವಾಗುತ್ತಿತ್ತು.

ಯಾರೂ ನಗಲಿಲ್ಲ. ಅಟ್ಟಣೆಯ ಮೇಲಿದ್ದ ಗಾರೆಯವನ ಕರಣೆಯ ಸದ್ದು ನಿಂತಿತು. ವ್ಯಾಪಾರಿಯ ಹೆಂಡತಿ ಮುಂದೆ ಬಂದು, ಅವನ ತೋಳಿನ ಪಕ್ಕದ ತೂತಿಗೆ ಬೆರಳಿಟ್ಟಳು. ಉಗುರು ಮುಳುಗುವಷ್ಟು ಹೋಗಿ ನಿಂತಿತು.

"ಇಷ್ಟರಲ್ಲಿ ಗಳ ಕೂರುತ್ತಾ?" ಎಂದಳು ಮೆಲ್ಲಗೆ. ಬೆರಳನ್ನು ತೆಗೆದು ಸೆರಗಿನಲ್ಲಿ ಸುತ್ತಿಕೊಂಡಳು, ಸುಟ್ಟುಕೊಂಡವಳ ಹಾಗೆ.

ಗೋಡೆಗೊರಗಿದವನ ಕೈ ತಾನಾಗಿ ಎದೆಯ ಗುಂಡಿಯ ಮೇಲೆ ಹೋಯಿತು. ಎದುರಿಗೆ ಅಷ್ಟು ಜನರ ಕಣ್ಣು. ಅವನು ಚಂಗನೆ ಈಚೆ ಬಂದ. ಬೆನ್ನಿಗೆಲ್ಲ ಸುಣ್ಣದ ಪುಡಿ.

"ಬಿಲ್ಲೆ ಕೊಡು," ಎಂದ. ವೇಷ ಬಿದ್ದುಹೋಗಿತ್ತು.

"ಯಾವ ತಪ್ಪಿಗೆ, ಸಾರ್? ನಾನು ಆಡಿದ್ದು ನೀವು ಕಲಿಸಿದ ಮಾತೇ. ಒಂದಕ್ಷರ ಹೆಚ್ಚಿಲ್ಲ."

ತಪ್ಪು ಏನೆಂದು ಹೇಳಬೇಕಾದರೆ ಆ ತೂತು ಏನೆಂದು ಅವನು ಹೇಳಬೇಕಿತ್ತು. ಚಾಚಿದ ಕೈ ಮಾತ್ರ ಹಾಗೇ ಇತ್ತು. ಅಧಿಕಾರಕ್ಕೆ ಕಾರಣ ಬೇಕೆಂದು ಯಾರು ಹೇಳಿದರು? ಗೈಡಮ್ಮ ಬಿಲ್ಲೆಯ ಪಿನ್ನು ತಾನೇ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ನಾಳೆ ಒಲೆಯ ಮೇಲೇನು ಎಂಬುದು ಆಗಲೇ ಹೊಟ್ಟೆಯಲ್ಲಿ ಕೂತಿತ್ತು.

"ನಡೀರಿ, ಅರಮನೆ ನಾನು ತೋರಿಸ್ತೀನಿ," ಎಂದ ಅವನು ಗುಂಪಿಗೆ. ಅರ್ಧ ಜನ ತಲೆ ತಗ್ಗಿಸಿ ಹಿಂದೆ ಹೋದರು. ಅವರನ್ನು ಬೈದು ಫಲವಿಲ್ಲ. ಬಂದವರು ಅರಮನೆ ನೋಡಲು ಬಂದವರು. ವ್ಯಾಪಾರಿ ಹೋಗಲಿಲ್ಲ. ಅವನ ಹೆಂಡತಿ ಮರಳಿನ ಗುಡ್ಡೆಯ ಪಕ್ಕದಲ್ಲಿ ಕೂತೇಬಿಟ್ಟಿದ್ದಳು.

ಗೈಡಮ್ಮ ಮೆಟ್ಟಿಲು ಹತ್ತಿದಳು. ಅಮ್ಮ ಕಿಟಕಿಯ ಹತ್ತಿರವೇ ಇದ್ದಳು.

"ಇವತ್ತು ನಿಂತ್ಯಾ?"

"ಅವನನ್ನ ನಿಲ್ಲಿಸ್ದೆ, ಅಮ್ಮ."

ಅಮ್ಮ ಮಗಳ ಅಂಗಿಯಲ್ಲಿ ಬಿಲ್ಲೆ ಇದ್ದ ಜಾಗ ಸವರಿದಳು. ಪಿನ್ನು ಚುಚ್ಚಿ ಚುಚ್ಚಿ ಅಲ್ಲೂ ಸಣ್ಣ ತೂತುಗಳಾಗಿದ್ದವು.

ಕೆಳಗೆ ಬೀದಿಯಲ್ಲಿ ಹೊಸ ಗುಂಪೊಂದರ ಕಾಲಸಪ್ಪಳ ಕೇಳಿಸಿತು. ಬೀದಿಯ ಬಾಯಲ್ಲಿ ನಿಂತು ಎಲ್ಲವನ್ನೂ ನೋಡಿದ್ದ ಛತ್ರಿಯಣ್ಣ ಹಳದಿ ಛತ್ರಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಗೋಡೆಯ ಮುಂದೆ ಬಂದಾಗ ಅವನ ದನಿ ಮಹಡಿಗೂ ಕೇಳುವಷ್ಟು ಜೋರಾಯಿತು.

"ಬಾಯಲ್ಲಿ ಹೇಳಿದ್ರೆ ಗೊತ್ತಾಗಲ್ಲ. ಉದ್ದಕ್ಕಿರೋರು ಯಾರಾದ್ರೂ ಸ್ವಲ್ಪ ಇಲ್ಲಿ ಬಂದು ನಿಲ್ಲಿ."

ಅಮ್ಮ ಸರಳುಗಳ ನಡುವೆ ಮುಖವಿಟ್ಟು ನೋಡಿದಳು. ಗುಂಪಿನಿಂದ ಒಬ್ಬ ಗೋಡೆಯ ಕಡೆ ನಡೆಯುತ್ತಿದ್ದ.

"ಅಷ್ಟು ಉದ್ದ ಬೇಡ," ಎಂದಳು ಮಗಳಿಗೆ. "ನಿನ್ನಣ್ಣ ಅವನ ಭುಜಕ್ಕೆ ಬರ್ತಿದ್ದ. ಕುಳ್ಳಗಿರೋರನ್ನ ನಿಲ್ಲಿಸು ಅಂತ ಕೂಗಿ ಹೇಳು."

ಗೈಡಮ್ಮ ಕಿಟಕಿಗೆ ಬಂದು ಕೂಗಿ ಹೇಳಿದಳು.