ಕೊಲಾಪ್ ಹೋಲಿಸಿದ ಎರಡು ಮನೆಗಳು

ತೊನ್ಲೆ ಸಾಪ್ ಸರೋವರದ ಆ ಊರಿನಲ್ಲಿ ಮನೆಗಳಂತೆ ಶಾಲೆಯೂ ನೀರಿನ ಮೇಲೆ ತೇಲುತ್ತಿತ್ತು. ನೀರು ಇಳಿದಾಗ ಮನೆಗಳನ್ನು ದೋಣಿಗೆ ಕಟ್ಟಿ ಆಳವಿದ್ದಲ್ಲಿಗೆ ಎಳೆದೊಯ್ಯುವರು. ಹಿಂದೆಯೇ ಶಾಲೆಯೂ ಹೋಗುವುದು. ಅಲ್ಲಿಯ ಟೀಚರು ಸೊವನ್ನರಿಯವರ ಗಂಡ ತೀರಿಕೊಂಡು ಮೂರು ತಿಂಗಳಾಗಿತ್ತು. ಆ ಗಂಡನೂ ಅದೇ ಶಾಲೆಯಲ್ಲಿ ಪಾಠ ಹೇಳಿದವರು.

ಆ ದಿನ ಸೊವನ್ನರಿ ಬುದ್ಧನ ಪಟದ ಮುಂದೆ ಊದುಬತ್ತಿ ಹಚ್ಚಿ, ಗಂಡನಿಗಾಗಿ ಅಲ್ಲ, ಕೊಲಾಪ್ ಎಂಬ ಹುಡುಗಿಗಾಗಿ ಕೈಮುಗಿದರು. ದಡದ ದೊಡ್ಡ ಶಾಲೆಯಲ್ಲಿ ಊಟ ವಸತಿ ಸಮೇತ ಒಂದೇ ಸ್ಥಾನ ಖಾಲಿಯಿತ್ತು. ಅದು ಸಿಗದಿದ್ದರೆ ಅವಳ ಓದು ಮುಗಿದಂತೆಯೇ. ನಾಳೆಯಿಂದ ಮೀನು ಆರಿಸುವ ಕೆಲಸ.

ಆ ದೊಡ್ಡ ಶಾಲೆಯಿಂದ ಪರೀಕ್ಷಿಸಲು ಬಂದ ವಿಚೆತ್ ಮೇಷ್ಟರು ಒಂದು ಕಥೆ ಓದಿದರು. ಮಾವಿನ ಮರದ ಕೆಳಗೊಂದು ಮನೆ. ಅಲ್ಲಿಯ ಸಂಸಾರ ಹೊಳೆಯ ಕೆಳದಂಡೆಗೆ ಹೋಗಿ ಇನ್ನೊಂದು ಮನೆಯಲ್ಲಿ ನೆಲೆಸುತ್ತದೆ. ಎರಡೂ ಮನೆಗಳ ಅಡುಗೆಮನೆ, ಅಜ್ಜಿ, ಅಕ್ಕಪಕ್ಕದವರು ಎಲ್ಲ ಕಥೆಯಲ್ಲಿ ಬರುತ್ತಾರೆ.

"ಮೊದಲನೇ ಮನೆಗೂ ಎರಡನೇ ಮನೆಗೂ ಏನು ವ್ಯತ್ಯಾಸ ಹೇಳಮ್ಮ ಕೊಲಾಪ್."

"ಏನೂ ಇಲ್ಲ ಸಾರ್. ಅದೇ ಮನೇನ ಎಳ್ಕೊಂಡ್ ಹೋಗಿದಾರೆ."

"ಮಾವಿನ ಮರಾನೂ ಎಳ್ಕೊಂಡ್ ಹೋದ್ರೇನೆ?" ಹಿಂದಿನ ಸಾಲಿನ ಹುಡುಗಿಯೊಬ್ಬಳು ಕಿಚಾಯಿಸಿದಳು. ಎಲ್ಲರೂ ನಕ್ಕರು. ಮೇಷ್ಟರೂ ನಕ್ಕು ಪುಸ್ತಕ ಮುಚ್ಚಿದರು.

ಸೊವನ್ನರಿಯವರು ಮುಂದೆ ಬಂದರು. "ಸ್ವಲ್ಪ ತಾಳಿ ಸಾರ್. ಕೊಲಾಪ್, ನಾವು ದಿನಾ ಮಾಡೋ ಹಾಗೆ ಮಾಡು. ಎಡಗೈಗೆ ಒಂದು ಮನೆ, ಬಲಗೈಗೆ ಇನ್ನೊಂದು. ಕಂಡಿದ್ದನ್ನೆಲ್ಲ ಬೆರಳಲ್ಲಿ ಎಣಿಸು."

ಹುಡುಗಿ ಬೆರಳು ಮಡಿಚತೊಡಗಿದಳು. ನಡುವೆ ನಿಂತು ಕೇಳಿದಳು, "ಸಾರ್, ನೆಲದ ಮೇಲಿನ ಮನೇನ ಅಲ್ಲೇ ಬಿಟ್ಟು ಹೋಗ್ತಾರಾ?"

"ಮತ್ತೆ? ಹೊತ್ಕೊಂಡ್ ಹೋಗ್ತಾರೇನು?"

"ಅಯ್ಯೋ ಪಾಪ!" ಎಂದಳು ಕೊಲಾಪ್. ಆಮೇಲೆ ಅವಳ ಮಾತು ನಿಲ್ಲಲಿಲ್ಲ. "ಎರಡು ಕಡೇನೂ ಹೊಳೆ ಇದೆ, ಅದೇ ಅನ್ನ, ಅದೇ ಮೀನು. ಅದು ಒಂದೇ ಥರ. ಆದ್ರೆ ಮೊದಲ್ನೇ ಮನೇಲಿ ಅಜ್ಜಿ ದೀಪ ಇಲ್ದೇನೇ ಉಪ್ಪು ತಗೋತಾಳೆ. ಎರಡನೇದ್ರಲ್ಲಿ ಮೂರು ಡಬ್ಬಿ ತೆಗೆದು ನೋಡ್ತಾಳೆ. ಅಲ್ಲಿ ಪಕ್ಕದ್ಮನೆಯವ್ರು ಕೂಗದೇನೇ ಒಳಗೆ ಬರ್ತಾರೆ, ಇಲ್ಲಿ ಬಾಗಿಲು ತಟ್ತಾರೆ. ನಾವು ಹೋದ್ರೆ ಪಕ್ಕದ್ಮನೇನೂ ನಮ್ಜೊತೆ ಬರುತ್ತೆ ಸಾರ್. ಅವ್ರ ಜೊತೆ ಯಾರೂ ಬರ್ಲಿಲ್ಲ."

ಮೇಷ್ಟರು ಪುಸ್ತಕ ಮತ್ತೆ ತೆರೆದು ಆ ಪುಟ ಹುಡುಕಿದರು. ಉಪ್ಪಿನ ಸಾಲಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿ ಸೊವನ್ನರಿಯವರತ್ತ ತಿರುಗಿದರು.

"ಆರು ವರ್ಷದಿಂದ ಈ ಕಥೆ ಪಾಠ ಮಾಡ್ತಿದೀನಿ. ನಮ್ಮ ಶಾಲೆ ಮಕ್ಕಳು ಮಾವಿನ ಮರದ ಹತ್ರಾನೇ ನಿಂತುಬಿಡ್ತಾರೆ. ಇವಳಿಗೆ ಅಡುಗೆಮನೆ ತೋರಿಸಿದ್ದು ನೀವೇನಾ ಟೀಚರ್?"

ಸೊವನ್ನರಿಯವರು ಸೆರಗಿನಂತೆ ಹೊದ್ದ ಬಿಳಿಯ ವಸ್ತ್ರವನ್ನು ಸರಿಪಡಿಸಿಕೊಂಡು ನೆಟ್ಟಗೆ ನಿಂತರು. ಗಂಡ ಹೋದಮೇಲೆ ಅಷ್ಟು ನೆಟ್ಟಗೆ ಅವರು ನಿಂತಿರಲಿಲ್ಲ.

"ಇಲ್ಲ ಸಾರ್. ಬಾಗಿಲವರೆಗೆ ಮಾತ್ರ ನಾನು ಕರ್ಕೊಂಡ್ ಹೋದೆ. ಒಳಗೆ ಅವಳೇ ಹೋದಳು."

ಮೇಷ್ಟರು ದೊಡ್ಡ ಶಾಲೆಯ ಪ್ರವೇಶ ಪಟ್ಟಿ ತೆಗೆದು, ಖಾಲಿಯಿದ್ದ ಸಾಲಿನಲ್ಲಿ ಕೊಲಾಪ್‌ಳ ಹೆಸರು ಬರೆದರು.